ಜಠರದ ಮಿಡಿತ

ಹೃದಯ ಮಿಡಿಯುತ್ತದೆಂಬುದನ್ನು ಅರಿಯದವರಿಲ್ಲ. ವೈದ್ಯರು ನಾಡಿ ಹಿಡಿದು ಅದನ್ನು ಎಣಿಸುತ್ತಾರೆ. ಕವಿಗಳು ಅದರ ಮೇಲೆ ಪದ್ಯ ಕಟ್ಟುತ್ತಾರೆ. ಈಗಂತೂ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಎದೆಗೆ ತಂತಿಗಳನ್ನು ಅಂಟಿಸಿ ಅದರ ವಿದ್ಯುತ್ತಿನ ಏರಿಳಿತವನ್ನು ಕಾಗದದ ಮೇಲೆ ಬರೆಸುತ್ತಾರೆ. ಆದರೆ ಹೃದಯಕ್ಕೆ ಒಂದು ಗೇಣು ಕೆಳಗಿರುವ ಜಠರಕ್ಕೂ ಒಂದು ಮಿಡಿತವುಂಟು, ಅದೂ ವಿದ್ಯುತ್ತಿನ ಮಿಡಿತವೇ ಎಂಬ ಸಂಗತಿಯನ್ನು ಎರಡನೆಯ ವರ್ಷದ ಬಿ.ಎ. ತರಗತಿಗೆ ಬರುವ ತನಕ ನಾನು ಕೇಳಿರಲಿಲ್ಲ. ನನ್ನ ಸಹಪಾಠಿಗಳಲ್ಲಿ ಅನೇಕರೂ ಕೇಳಿರಲಾರರೆಂಬ ಧೈರ್ಯದಿಂದಲೇ ಈ ಲೇಖನಕ್ಕೆ ಕೈಹಾಕಿದ್ದೇನೆ.

ಕಲಾ ವಿಭಾಗದವರಿಗೆ ಹೊಟ್ಟೆಯೊಳಗಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ನಮ್ಮ ಮನಶ್ಶಾಸ್ತ್ರದ ಪಠ್ಯದಲ್ಲಿ ಭಾವೋದ್ವೇಗಗಳನ್ನು ಕುರಿತ ಪಾಠ. ಅಲ್ಲಿ ಕ್ಯಾನನ್ ಎಂಬ ಪಂಡಿತರ ಹೆಸರು ಬರುತ್ತದೆ. ಅವರ ಬೆನ್ನು ಹತ್ತಿ ಹೋದರೆ ನಾವು ತಲುಪುವುದು ಮನಸ್ಸನ್ನಲ್ಲ, ಒಂದು ಬೆಕ್ಕಿನ ಹೊಟ್ಟೆಯನ್ನು! ಎರಡನೆಯ ಕಾರಣ ನಮ್ಮ ಅಜ್ಜಿ. ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಅವಳಿಗೆ ನಾನು ಪಿ.ಯು.ಸಿ. ಓದುತ್ತಿದ್ದಾಗ ಊಟ ಸೇರದಾಯಿತು. ನಾಲ್ಕು ತುತ್ತು ತಿಂದರೆ ಹೊಟ್ಟೆ ತುಂಬಿತೆನ್ನುವಳು. ಬೆಳಗ್ಗೆ ಉಂಡದ್ದನ್ನು ಸಂಜೆ ಹಾಗೆ ಹಾಗೆಯೇ ವಾಂತಿ ಮಾಡುವಳು. ಆಸ್ಪತ್ರೆಯೊಂದರಲ್ಲಿ ಗಂಟಲಿನ ಮೂಲಕ ಕೊಳವೆಯಿಳಿಸಿ ನೋಡಿ, ಹುಣ್ಣಿಲ್ಲ, ಗಡ್ಡೆಯಿಲ್ಲ, ಏನೂ ಇಲ್ಲವೆಂದರು. ‘ವಯಸ್ಸಾಯಿತು, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ’ ಎಂದು ಕಳುಹಿಸಿದರು. ಮನೆಯಲ್ಲಿಯೂ ಒಂದಿಬ್ಬರು, ಮುದುಕಿ ಸೊಸೆಯ ಕೈಯಡುಗೆ ತಿನ್ನಲಾರದೆ ನಾಟಕವಾಡುತ್ತಾಳೆಂದು ಆಡಿಕೊಂಡದ್ದುಂಟು.

ಕಾಲೇಜಿನಲ್ಲಿ ಓದಿದ್ದನ್ನು ರಜೆಗೆ ಹೋದಾಗ ಹಟ್ಟಿಯ ಮುಂದೆ ಕುಳಿತು ತಂದೆಯವರಿಗೆ ಹೇಳಿದೆ: ನಾಯಿ, ಬೆಕ್ಕು, ಇಲಿಗಳ ಹೊಟ್ಟೆಗೆ ತಂತಿ ಜೋಡಿಸಿ ನೋಡಿ ಮನುಷ್ಯರ ಹೊಟ್ಟೆಯ ಗುಟ್ಟನ್ನು ತಿಳಿಯುತ್ತಿದ್ದಾರೆ, ಎಂದು. ಅವರು ಶಾಲೆಗೆ ಹೋದವರಲ್ಲ. ಸ್ವಲ್ಪ ಹೊತ್ತು ಬಿಟ್ಟು, “ದನದ ಹೊಟ್ಟೆ ನೋಡ್ಬುಟ್ಟು ಮನುಸ್ರ ಹೊಟ್ಟೆ ವಿಚಾರ ಹೇಳಕಾದದಾ ಮಗ?” ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವೆಲ್ಲ ಆ ಒಂದು ಪ್ರಶ್ನೆಗೆ ಬರೆದ ಉತ್ತರವೆಂದು ವಾಚಕರು ಭಾವಿಸಬಹುದು.

ರಾಂಟ್‌ಗೆನ್ ಕ್ಷಕಿರಣಗಳನ್ನು ಕಂಡುಹಿಡಿದದ್ದು ೧೮೯೫ರಲ್ಲಿ. ಮರುವರ್ಷವೇ ಅಮೆರಿಕದ ಹಾರ್ವರ್ಡಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ಅದನ್ನು ಒಂದು ಹೊಸ ಕೆಲಸಕ್ಕೆ ಹಚ್ಚಿದರು. ಉದ್ದ ಕತ್ತಿನ ಹೆಬ್ಬಾತಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರ ತಿನ್ನಿಸಿ, ಅದು ಗಂಟಲಿನಲ್ಲಿ ಇಳಿಯುವುದನ್ನು ಕಿರಣಗಳ ಸಹಾಯದಿಂದ ನೋಡಿದರು. ಬಳಿಕ ಬೆಕ್ಕಿನ ಸರದಿ. ಜಠರದ ನಡುಭಾಗದಲ್ಲಿ ಹುಟ್ಟಿದ ಒಂದು ಅಲೆ ಕೆಳಬಾಗಿಲಿನ ಕಡೆಗೆ ಸಾಗುವುದೂ, ಸುಮಾರು ಹತ್ತು ಸೆಕೆಂಡುಗಳಿಗೆ ಒಂದರಂತೆ ಅಂಥ ಅಲೆಗಳು ತಪ್ಪದೆ ಬರುವುದೂ ಅವರಿಗೆ ಕಂಡಿತು. ೧೮೯೮ರಲ್ಲಿ ಇದನ್ನು ಪ್ರಕಟಿಸಿದರು. ಆದರೆ ನಮ್ಮ ಪಠ್ಯಕ್ಕೆ ಬೇಕಾದ ಸಂಗತಿ ಬೇರೊಂದಿದೆ. ಬೆಕ್ಕು ಬೆದರಿದರೆ, ಸಿಟ್ಟಾದರೆ, ಆ ಅಲೆಗಳು ಥಟ್ಟನೆ ನಿಂತುಬಿಡುತ್ತಿದ್ದವು! ಸವರಿ ಸಮಾಧಾನ ಮಾಡಿದರೆ ಮತ್ತೆ ಶುರುವಾಗುತ್ತಿದ್ದವು. ಮನಸ್ಸಿಗೂ ಹೊಟ್ಟೆಗೂ ಇರುವ ನಂಟಿಗೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಬೇಕೆ? ಆದರೆ ಇದರಿಂದಲೇ ಅಜ್ಜಿಯ ಕಾಯಿಲೆಯೂ ಮನಸ್ಸಿನದೆಂದು ತೀರ್ಮಾನಿಸಿದರೆ ಅವಸರವಾಗುತ್ತದೆ. ಅದನ್ನು ಮುಂದೆ ನೋಡೋಣ.

ಕ್ಯಾನನ್ನರು ಕಂಡದ್ದು ಚಲನೆಯನ್ನು. ಚಲನೆಯ ಹಿಂದಿರುವ ವಿದ್ಯುತ್ತನ್ನು ಹಿಡಿದವರಲ್ಲಿ ಮೊದಲಿಗರೆಂದು ವಾಲ್ಟರ್ ಆಲ್ವರೆಜ್ ಎಂಬ ಕ್ಯಾಲಿಫೋರ್ನಿಯದ ವೈದ್ಯರನ್ನು ಹೇಳುತ್ತಾರೆ. ಅವರು ಮೊಲ, ಬೆಕ್ಕು, ನಾಯಿಗಳ ಜಠರ ಮತ್ತು ಕರುಳಿನಿಂದ ವಿದ್ಯುತ್ತನ್ನು ದಾಖಲಿಸಿದರು. ಮನುಷ್ಯರಲ್ಲಿಯೂ ನೋಡಬೇಕೆಂಬ ಆಸೆ ಅವರಿಗೆ. ಆದರೆ ಹೊಟ್ಟೆಯ ಚರ್ಮ, ಕೊಬ್ಬು, ಸ್ನಾಯುಗಳನ್ನು ದಾಟಿ ಹೊರಬರುವಷ್ಟರಲ್ಲಿ ಆ ವಿದ್ಯುತ್ತು ಬಹಳ ಕ್ಷೀಣವಾಗಿರುತ್ತದೆ; ಜೊತೆಗೆ ಹೃದಯದ ಸದ್ದು, ಉಸಿರಾಟದ ಅಲುಗಾಟ ಬೇರೆ ಸೇರಿಕೊಳ್ಳುತ್ತವೆ. ಕೊನೆಗೆ ಅವರಿಗೆ ಸಿಕ್ಕಿದ್ದು ಒಬ್ಬ ಕೃಶ ಶರೀರದ ಮುದುಕಿ. ಆಕೆಯ ಹೊಟ್ಟೆಯ ಗೋಡೆ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ಅಲೆಗಳು ಹೊರಗಿನಿಂದಲೇ ಕಣ್ಣಿಗೆ ಕಾಣುತ್ತಿದ್ದವಂತೆ. ೧೯೨೧ರ ಅಕ್ಟೋಬರ್ ೧೪ರಂದು ಆಕೆಯ ಹೊಟ್ಟೆಯ ಮೇಲಿನಿಂದ ಪಡೆದ ಗೆರೆಯೇ ಮಾನವ ಜಠರದ ಮೊದಲ ವಿದ್ಯುತ್ ಚಿತ್ರ. ನಿಮಿಷಕ್ಕೆ ಮೂರು ಅಲೆ. ಕಣ್ಣಿಗೆ ಕಂಡ ಅಲೆಗಳೂ ನಿಮಿಷಕ್ಕೆ ಮೂರೇ. ಒಂದು ಶತಮಾನ ಕಳೆದರೂ ಆ ಮೂರು ಎಂಬ ಸಂಖ್ಯೆ ಕದಲಿಲ್ಲ. (ಈ ಆಲ್ವರೆಜರ ಮಗನಿಗೆ ೧೯೬೮ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂದಿತು, ಆ ಮಗನೂ ಮೊಮ್ಮಗನೂ ಸೇರಿ ಡೈನೋಸಾರುಗಳ ಅಳಿವಿಗೆ ಆಕಾಶದಿಂದ ಬಿದ್ದ ಬಂಡೆಯೇ ಕಾರಣವೆಂದು ೧೯೮೦ರಲ್ಲಿ ವಾದಿಸಿದರು. ಒಂದೇ ಮನೆಯಲ್ಲಿ ಇಷ್ಟು ವಿದ್ಯೆ! ನಮ್ಮ ಮನೆಯಲ್ಲಿ ಮೊದಲ ಪದವಿ ಇನ್ನೂ ಬರಬೇಕಾಗಿದೆ.)

ಇನ್ನು ಈ ಮಿಡಿತದ ಸ್ವರೂಪವೇನು? ಜಠರವನ್ನು ಒಂದು ಸೋರೆಬುರುಡೆಯಂತೆ ಭಾವಿಸಿಕೊಳ್ಳಿ. ಮೇಲಿನ ಉಬ್ಬು ಭಾಗ ಆಹಾರವನ್ನು ತುಂಬಿಡುವ ಚೀಲ. ಅಲ್ಲಿ ಈ ಲಯಬದ್ಧ ಅಲೆಗಳಿಲ್ಲ. ಅದರ ಕೆಳಗೆ, ಹೊರಬಾಗಿನ ಅಂಚಿನಲ್ಲಿ, ಅಲೆ ಹುಟ್ಟುವ ಠಾವಿದೆ. ಅಲ್ಲಿಂದ ಅದು ಬಳೆಯಂತೆ ಸುತ್ತುವರಿದು ಕೆಳಗಿಳಿಯುತ್ತದೆ. ಇದಕ್ಕೆ ಮಂದ ಅಲೆಯೆಂದು ಹೆಸರು. ಮಂದವೆನ್ನುವುದು ಸರಿಯಾಗಿಯೇ ಇದೆ. ಮನುಷ್ಯನ ಜಠರದ ನಡುಭಾಗದಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು ಮೂರು ಮಿಲಿಮೀಟರ್. ಒಂದು ಅಲೆ ಕೆಳಬಾಗಿಲು ಮುಟ್ಟುವ ಮೊದಲೇ ಹಿಂದಿನಿಂದ ಇನ್ನೊಂದು ಹೊರಟಿರುತ್ತದೆ. ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆಯುವ ಹೆಣ್ಣಾಳುಗಳಂತೆ ಮೂರು ನಾಲ್ಕು ಅಲೆಗಳು ಏಕಕಾಲಕ್ಕೆ ದಾರಿಯಲ್ಲಿರುತ್ತವೆ.

ಅಲೆ ಬಂದೊಡನೆ ಜಠರ ಕುಗ್ಗುತ್ತದೆಯೆಂದು ತಿಳಿಯಬಾರದು. ನಾನೂ ಮೊದಲು ಹಾಗೆಯೇ ತಿಳಿದು, ಓದಿದ್ದನ್ನು ಎರಡು ಸಲ ತಪ್ಪಾಗಿ ಅರ್ಥಮಾಡಿಕೊಂಡೆ. ೧೯೪೦ರ ದಶಕದಲ್ಲಿ ಎಮಿಲ್ ಬೋಜ್ಲರ್ ಮೊದಲಾದವರು, ಆಮೇಲೆ ಮೇಯೊ ಚಿಕಿತ್ಸಾಲಯದ ಸಂಶೋಧಕರು, ಮುಖ್ಯವಾಗಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ವಿಷಯ ತಿಳಿಯಾಯಿತು. ಮಂದ ಅಲೆ ಹಗಲಿರುಳೂ ಬರುತ್ತಲೇ ಇರುತ್ತದೆ. ಅದು ‘ಈಗ ಕುಗ್ಗಬಹುದು’ ಎಂಬ ಅಪ್ಪಣೆ ಮಾತ್ರ. ನಿಜವಾಗಿ ಕುಗ್ಗಬೇಕೇ, ಎಷ್ಟು ಬಲವಾಗಿ ಕುಗ್ಗಬೇಕು ಎಂಬುದನ್ನು ನರಗಳೂ ಆಹಾರವೂ ರಸಗಳೂ ಸೇರಿ ನಿರ್ಣಯಿಸುತ್ತವೆ. ಉಪವಾಸದ ಹೊಟ್ಟೆಯಲ್ಲಿ ಬಹಳ ಹೊತ್ತು ಅಲೆಯುಂಟು, ಕುಗ್ಗುವಿಕೆಯಿಲ್ಲ. ಹಾಗೆಂದು ಉಪವಾಸದಲ್ಲಿ ಎಲ್ಲವೂ ಶಾಂತವೆಂದೂ ಅಲ್ಲ. ಹಸಿದ ನಾಯಿಯ ಕರುಳಿನಲ್ಲಿ ಒಂದೂವರೆ ಎರಡು ಗಂಟೆಗೊಮ್ಮೆ ಬಿರುಸಾದ ಚಟುವಟಿಕೆಯ ಒಂದು ಪಟ್ಟಿ ಮೇಲಿನಿಂದ ಕೆಳತನಕ ಸಾಗುವುದನ್ನು ೧೯೬೯ರಲ್ಲಿ ಜೋಸೆಫ್ ಸುರ್ಝೆವ್ಸ್ಕಿ ತೋರಿಸಿಕೊಟ್ಟರು. ಮನುಷ್ಯರಲ್ಲಿಯೂ ಅದುಂಟು. ಏಕಾದಶಿಯ ದಿನ ಹೊಟ್ಟೆಯೊಳಗೆ ಗುಡುಗುವುದು ದೇವರ ಪರೀಕ್ಷೆಯಲ್ಲ, ಒಳಗಿನ ಕಸಗುಡಿಸುವ ಕೆಲಸ!

ನಾಯಿಯ ಜಠರದ ಲಯ ನಿಮಿಷಕ್ಕೆ ಸುಮಾರು ಐದು. ನಮ್ಮದು ಮೂರು. ಹಂದಿಯದು ಬಹುಮಟ್ಟಿಗೆ ನಮ್ಮಂತೆಯೇ, ಮೂರರ ಆಸುಪಾಸು. ನಾಯಿಯ ಜಠರವನ್ನು ಅಡ್ಡಲಾಗಿ ಕತ್ತರಿಸಿ ಮತ್ತೆ ಹೊಲಿದರೆ, ಮೇಲಿನ ತುಂಡು ತನ್ನ ಲಯವನ್ನೇ ಉಳಿಸಿಕೊಳ್ಳುತ್ತದೆ, ಕೆಳಗಿನ ತುಂಡು ತನ್ನದೇ ಆದ ನಿಧಾನ ಲಯವನ್ನು ಹಿಡಿಯುತ್ತದೆ. ಇದರಿಂದ ತಿಳಿಯುವುದೇನೆಂದರೆ, ಎಲ್ಲ ಭಾಗಗಳಿಗೂ ಸ್ವಂತ ಲಯವುಂಟು. ಎಲ್ಲಕ್ಕಿಂತ ವೇಗದ್ದು ಉಳಿದವನ್ನು ಎಳೆದುಕೊಂಡು ಹೋಗುತ್ತದೆ. ಮಿದುಳಿನಿಂದ ಬರುವ ವೇಗಸ್ ನರವನ್ನು ಕತ್ತರಿಸಿದರೂ ಮಂದ ಅಲೆ ನಿಲ್ಲುವುದಿಲ್ಲ.

ಇಲ್ಲಿಗೆ ಬಂದಾಗ ನನಗೆ ತಂದೆಯವರ ಪ್ರಶ್ನೆ ನೆನಪಾಯಿತು. ಎತ್ತು ಮೇವು ಬಿಟ್ಟರೆ ಅವರು ಅದರ ಎಡ ಅಳ್ಳೆಯ ಗುಳಿಗೆ ಮುಷ್ಟಿಯೂರಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಒಳಗಿನ ದೊಡ್ಡ ಹೊಟ್ಟೆ ಮುಷ್ಟಿಯನ್ನು ಎತ್ತಿ ಇಳಿಸಬೇಕು. ಆರೋಗ್ಯವಾದ ದನದಲ್ಲಿ ನಿಮಿಷಕ್ಕೆ ಒಂದೆರಡು ಸಲ ಹಾಗಾಗುತ್ತದೆ. ಪಶುವೈದ್ಯರು ಎಣಿಸುವುದೂ ಅದನ್ನೇ. ನೋಡಿದವರಿಗೆ ಇದೂ ಜಠರದ ಮಿಡಿತವೇ ಎನಿಸುವುದು ಸಹಜ. ಆದರೆ ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯ ಈ ಚಲನೆ ಮಿದುಳಿನ ಬುಡದಿಂದ ವೇಗಸ್ ನರದ ಮೂಲಕ ಬರುವ ಆಜ್ಞೆಯನ್ನು ನೆಚ್ಚಿಕೊಂಡಿದೆ. ಆ ನರವನ್ನು ಕತ್ತರಿಸಿದರೆ ಅದರ ಸರದಿಯ ಚಲನೆ ನಿಂತುಹೋಗುತ್ತದೆ. ನಾಯಿಯ ಜಠರದಲ್ಲಿ ನಿಲ್ಲದ ಮಂದ ಅಲೆಗೂ ದನದ ಈ ಚಲನೆಗೂ ಎಷ್ಟು ಅಂತರ! ಆದ್ದರಿಂದ ತಂದೆಯವರ ಸಂಶಯ ಸಕಾರಣವಾದದ್ದೇ. ದನದ ದೊಡ್ಡ ಹೊಟ್ಟೆ ನೋಡಿ ಮನುಷ್ಯರ ಜಠರದ ಮಾತು ಹೇಳಲಾಗದು. ನಾಯಿಯದನ್ನು ನೋಡಿ ಕೆಲವು ಮಾತು ಹೇಳಬಹುದು, ಎಲ್ಲವನ್ನೂ ಅಲ್ಲ. ಯಾವ ಪ್ರಶ್ನೆಗೆ ಯಾವ ಪ್ರಾಣಿಯೆಂಬ ವಿವೇಕವೇ ಈ ಶಾಸ್ತ್ರದ ಅರ್ಧ ಭಾಗವೆಂದು ನನಗೆ ತೋರುತ್ತದೆ.

ಹಾಗಾದರೆ ಅಲೆಯನ್ನು ಹುಟ್ಟಿಸುವವರಾರು? ಸ್ನಾಯುವೇ? ನರವೇ? ಈ ಪ್ರಶ್ನೆಗೆ ಉತ್ತರ ಸಿಕ್ಕ ಕಥೆ ಬಹು ಸ್ವಾರಸ್ಯವಾದದ್ದು. ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಹಾಲ್, ೧೯೦೬ರಲ್ಲಿ ನೊಬೆಲ್ ಬಹುಮಾನವನ್ನು ಗೋಲ್ಗಿಯವರೊಡನೆ ಹಂಚಿಕೊಂಡ ಮಹಾನುಭಾವರು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಕರುಳಿನ ಪದರಗಳ ನಡುವೆ ಜೇಡದಂತೆ ಕೈಕಾಲು ಚಾಚಿದ ಕೆಲವು ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಚಿತ್ರಿಸಿದ್ದರು. ಅವು ಒಂದು ಬಗೆಯ ಆದಿಮ ನರಕೋಶಗಳೆಂದು ಅವರು ಎಣಿಸಿದರು. ಇತರರು ಒಪ್ಪಲಿಲ್ಲ. ಮುಕ್ಕಾಲು ಶತಮಾನಕ್ಕೂ ಮೀರಿ ಆ ಕೋಶಗಳು ಹೆಸರಿದ್ದೂ ಉದ್ಯೋಗವಿಲ್ಲದ ಪದವೀಧರರಂತೆ ಬಿದ್ದಿದ್ದವು. ೧೯೮೨ರಲ್ಲಿ ಲಾರ್ಸ್ ತುನೆಬರ್ಗ್ ಎಂಬ ಡೆನ್ಮಾರ್ಕಿನ ವಿಜ್ಞಾನಿ, ಇವೇ ಲಯವನ್ನು ಹುಟ್ಟಿಸುವ ಕೋಶಗಳಿರಬೇಕೆಂದು ಸೂಚಿಸಿದರು. ಆದರೆ ರುಜುವಾತು ಬೇಕಲ್ಲ? ಕೋಶಗಳನ್ನು ಮಾತ್ರ ತೆಗೆದು, ಉಳಿದುದನ್ನೆಲ್ಲ ಹಾಗೆಯೇ ಬಿಟ್ಟು ನೋಡಬೇಕು. ಯಾವ ಚೂರಿಯಿಂದಲೂ ಆಗದ ಕೆಲಸ.

ಅದನ್ನು ಮಾಡಿಕೊಟ್ಟದ್ದು ಚಿಟ್ಟಿಲಿ. ೧೯೯೨ರಲ್ಲಿ ಜಪಾನಿನ ಸಂಶೋಧಕರು ಆಗತಾನೆ ಹುಟ್ಟಿದ ಚಿಟ್ಟಿಲಿಗಳಲ್ಲಿ ಕಿಟ್ ಎಂಬ ಪ್ರೋಟೀನನ್ನು ತಡೆಯುವ ಪದಾರ್ಥವನ್ನು ಚುಚ್ಚಿದರು. ಅವರ ಲಕ್ಷ್ಯವಿದ್ದದ್ದು ರಕ್ತಕಣಗಳ ಕಡೆಗೆ. ಆದರೆ ಮರಿಗಳ ಕರುಳು ಉಬ್ಬಿ ನಿಶ್ಚೇಷ್ಟಿತವಾದುವು! ಕಿಟ್ ಜೀನಿನಲ್ಲಿ ಹುಟ್ಟಿನಿಂದಲೇ ದೋಷವುಳ್ಳ ಒಂದು ತಳಿ ಅನುವಂಶ ಶಾಸ್ತ್ರಜ್ಞರಲ್ಲಿ ಮೊದಲಿನಿಂದ ಇತ್ತು; ಅದರ ತುಪ್ಪಳ ಬಣ್ಣಗೆಟ್ಟು ಬೆಳ್ಳಗಿರುತ್ತದೆ, ರಕ್ತಹೀನತೆಯೂ ಇರುತ್ತದೆ. ೧೯೯೪ರಲ್ಲಿ ಅಮೆರಿಕದಲ್ಲಿ, ೧೯೯೫ರಲ್ಲಿ ಕೆನಡದಲ್ಲಿ ಅದರ ಸಣ್ಣ ಕರುಳನ್ನು ಪರೀಕ್ಷಿಸಿದಾಗ ಕಹಾಲರ ಕೋಶಗಳೂ ಇಲ್ಲ, ಮಂದ ಅಲೆಯೂ ಇಲ್ಲ! ಸ್ನಾಯುವಿದೆ, ನರವಿದೆ, ಲಯ ಮಾತ್ರ ಮಾಯ. ನೂರು ವರ್ಷದ ವ್ಯಾಜ್ಯ ಹೀಗೆ ತೀರಿತು.

ತೀರಿತೆನ್ನುವಷ್ಟರಲ್ಲಿ ಇನ್ನೊಂದು ತೊಡಕು. ಅದೇ ಚಿಟ್ಟಿಲಿಯ ಜಠರವನ್ನು ನೋಡಿದರೆ, ಅದರ ಕೆಳಭಾಗದಲ್ಲಿ ಲಯ ಹುಟ್ಟಿಸುವ ಕೋಶಗಳು ಉಳಿದೇ ಇದ್ದುವು, ಅಲೆಯೂ ಇತ್ತು. ಇಲ್ಲವಾಗಿದ್ದದ್ದು ಸ್ನಾಯುವಿನ ಒಳಗೆ ಹೆಣೆದುಕೊಂಡು ನರದ ಮಾತನ್ನು ಸ್ನಾಯುವಿಗೆ ಮುಟ್ಟಿಸುವ ಇನ್ನೊಂದು ಬಗೆಯ ಕಹಾಲ್ ಕೋಶಗಳು. ಒಂದೇ ಪ್ರಾಣಿಯ ಕರುಳು ಹೇಳಿದ್ದನ್ನು ಅದರ ಜಠರ ಹೇಳಲಿಲ್ಲ. ಹೀಗಿರುವಾಗ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಜಿಗಿಯುವವರು ಎಷ್ಟು ಎಚ್ಚರವಾಗಿರಬೇಕು!

ಈಗ ಅಜ್ಜಿಯ ವಿಷಯ. ೨೦೦೦ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ತಾನಾಗಿಯೇ ಬರುವ ಚಿಟ್ಟಿಲಿಗಳ ಜಠರವನ್ನು ಪರೀಕ್ಷಿಸಿದರು. ಆಹಾರ ಮುಂದೆ ಸಾಗುವುದು ತಡವಾಗಿತ್ತು, ಮಂದ ಅಲೆ ಕೆಟ್ಟಿತ್ತು, ಕಹಾಲ್ ಕೋಶಗಳ ಬಲೆ ಅಲ್ಲಲ್ಲಿ ಹರಿದಿತ್ತು. ಆಮೇಲೆ ಇದೇ ಬಗೆಯ ರೋಗವುಳ್ಳ ಮನುಷ್ಯರ ಜಠರದ ಚೂರುಗಳನ್ನು ನೋಡಿದಾಗ ಅನೇಕರಲ್ಲಿ ಆ ಕೋಶಗಳು ಕಡಮೆಯಾಗಿದ್ದುದು ಕಂಡುಬಂದಿತು. ಕೊಳವೆಯಿಳಿಸಿ ನೋಡುವ ವೈದ್ಯರಿಗೆ ಕಾಣುವುದು ಜಠರದ ಒಳಮೈ. ಈ ಕೋಶಗಳಿರುವುದು ಅದರ ಹಿಂದಿನ ಸ್ನಾಯುಪದರಗಳ ನಡುವೆ. ಹುಣ್ಣಿಲ್ಲ, ಗಡ್ಡೆಯಿಲ್ಲ ಎಂದದ್ದು ನಿಜವೇ; ಏನೂ ಇಲ್ಲವೆಂದದ್ದು ಮಾತ್ರ ಸರಿಯಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುತಿಂಗಳು ಅಜ್ಜಿಯನ್ನು ಇನ್ನೊಂದು ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಆಹಾರದಲ್ಲಿ ಅಣುಮಾತ್ರ ವಿಕಿರಣ ಪದಾರ್ಥ ಬೆರೆಸಿ ತಿನ್ನಿಸಿ, ನಾಲ್ಕು ಗಂಟೆಯ ಕಾಲ ಆಗಾಗ ಚಿತ್ರ ತೆಗೆದರು. ಉಂಡದ್ದರಲ್ಲಿ ಬಹುಪಾಲು ಇನ್ನೂ ಜಠರದಲ್ಲಿಯೇ ಇತ್ತು. ಅವಳು ನಾಟಕವಾಡುತ್ತಿರಲಿಲ್ಲ.

ವಾಂತಿಯ ವಿಷಯದಲ್ಲಿ ಮತ್ತೊಂದು ವಿನೋದವಿದೆ. ಇಲಿಯ ಜಾತಿಯ ಪ್ರಾಣಿಗಳು ವಾಂತಿ ಮಾಡಲಾರವು! ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಪ್ರಾಣಿ ಅಜ್ಜಿಯ ಮುಖ್ಯ ಕಷ್ಟವನ್ನು ಅನುಭವಿಸಲೇ ಅರಿಯದು. ಆ ಕೆಲಸಕ್ಕೆ ಆಯ್ದುಕೊಂಡ ಪ್ರಾಣಿಗಳಲ್ಲಿ ಒಂದು ನಮಗೆಲ್ಲ ಚಿರಪರಿಚಿತ: ಮೂಗಿಲಿ. ಚೂಪು ಮೂತಿ, ಕಾಣದಷ್ಟು ಚಿಕ್ಕ ಕಣ್ಣು, ಸಂಜೆ ಗೋಡೆಯಂಚಿನಲ್ಲಿ ಕೀಚಲು ದನಿಗೈಯುತ್ತ ಓಡಿ ಕಟುವಾಸನೆ ಬಿಟ್ಟುಹೋಗುವ ಆ ಜೀವಿ ಹೆಸರಿಗೆ ಇಲಿ, ಜಾತಿಯಿಂದ ಇಲಿಯಲ್ಲ. ೧೯೮೦ರ ದಶಕದ ಉತ್ತರಾರ್ಧದಲ್ಲಿ ಜಪಾನಿನವರು ಅದನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಾಡಿಸಿದರೆ ಬಸ್ಸಿನಲ್ಲಿ ಕುಳಿತ ಕೆಲವು ಪ್ರಯಾಣಿಕರಂತೆ ವಾಂತಿ ಮಾಡುತ್ತದೆಂದು ತೋರಿಸಿದರು. ಹಾಗೆ ಜಗ್ಗಾಡಿಸುವಾಗ ಅದರ ಜಠರದ ಲಯ ಕೆಡುವುದನ್ನೂ ಮುಂದೆ ದಾಖಲಿಸಿದರು. ಮನುಷ್ಯರಲ್ಲಿ ಇದಕ್ಕೆ ಸಮನಾದ ಪ್ರಯೋಗವನ್ನು ರಾಬರ್ಟ್ ಸ್ಟರ್ನ್ ಎಂಬ ಮನಶ್ಶಾಸ್ತ್ರಜ್ಞರ ತಂಡ ೧೯೮೫ರಲ್ಲಿ ಪ್ರಕಟಿಸಿತ್ತು: ಕಪ್ಪುಬಿಳುಪು ಪಟ್ಟೆಗಳ ಒಂದು ದೊಡ್ಡ ಪೀಪಾಯಿಯನ್ನು ಕುಳಿತವರ ಸುತ್ತ ತಿರುಗಿಸಿದಾಗ, ಹೊಟ್ಟೆ ತೊಳಸಿದವರಲ್ಲಿ ಮೂರಿದ್ದ ಲಯ ನಾಲ್ಕರಿಂದ ಒಂಬತ್ತರವರೆಗೆ ಏರಿತ್ತು.

ಲಯ ಕೆಟ್ಟರೆ ಸರಿಪಡಿಸಬಹುದೇ? ಹೃದಯಕ್ಕೆ ಯಂತ್ರವಿಟ್ಟಂತೆ ಜಠರಕ್ಕೂ ಇಡಬಾರದೇಕೆ? ೧೯೭೨ರಲ್ಲಿ ಕೆಲಿ ಮತ್ತು ಲಾಫೋರ್ಸ್ ನಾಯಿಯ ಜಠರಕ್ಕೆ ಹೊರಗಿನಿಂದ ವಿದ್ಯುತ್ತು ಕೊಟ್ಟು ಅದರ ಲಯವನ್ನು ಹಿಡಿದು ನಡೆಸಬಹುದೆಂದು ತೋರಿಸಿದರು. ಆದರೆ ಸಹಜ ಲಯಕ್ಕಿಂತ ತುಸು ಹೆಚ್ಚು ವೇಗದವರೆಗೆ ಮಾತ್ರ. ೨೦೦೦ದಲ್ಲಿ ಅಮೆರಿಕ ಸರಕಾರ ಇಂಥ ರೋಗಿಗಳಿಗಾಗಿ ಒಂದು ಯಂತ್ರಕ್ಕೆ ಸೀಮಿತ ಅನುಮತಿ ನೀಡಿತು. ಅದು ನಿಮಿಷಕ್ಕೆ ಹನ್ನೆರಡು ಸಲ ಚಿಕ್ಕ ಚಿಕ್ಕ ತುಡಿತಗಳನ್ನು ಕೊಡುತ್ತದೆ. ವಿಚಿತ್ರವೆಂದರೆ, ಕೆಲವರಲ್ಲಿ ವಾಂತಿ ತಗ್ಗುತ್ತದೆ, ಜಠರದ ಲಯವೇನೂ ಅದರಿಂದ ತಿದ್ದಿಕೊಳ್ಳುವುದಿಲ್ಲ. ನಾಯಿಯಲ್ಲಿ ಕಂಡ ಆಸೆ ಮನುಷ್ಯರಲ್ಲಿ ಹಾಗೆಯೇ ಕೈಗೂಡಲಿಲ್ಲವೆನ್ನಬೇಕು. ನ್ಯೂಜಿಲೆಂಡಿನ ಆಕ್ಲೆಂಡಿನವರು ಹಂದಿಗಳ ಜಠರದ ಮೇಲೆ ಒತ್ತೊತ್ತಾಗಿ ನೂರಾರು ವಿದ್ಯುದಗ್ರಗಳನ್ನು ಹಾಸಿ, ಅದೇ ವಿಧಾನದಿಂದ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಮನುಷ್ಯರ ಜಠರವನ್ನೂ ನೋಡಿ, ೨೦೧೦ರಲ್ಲಿ ಎರಡನ್ನೂ ಪ್ರಕಟಿಸಿದರು. ಪ್ರಾಣಿಯಲ್ಲಿ ಕಲಿತ ಕೈಚಳಕವನ್ನು ಮನುಷ್ಯನಲ್ಲಿ ಬಳಸಿ, ಉತ್ತರವನ್ನು ಮಾತ್ರ ಮನುಷ್ಯನಿಂದಲೇ ಪಡೆಯುವ ಈ ದಾರಿ ನನಗೆ ಹೆಚ್ಚು ಮೆಚ್ಚಿಗೆಯಾಯಿತು.

ಈ ಪ್ರಾಣಿಗಳ ಪಾಡೇನೆಂದು ಕೇಳದೆ ಮುಗಿಸುವುದು ನ್ಯಾಯವಲ್ಲ. ನಮ್ಮ ದೇಶದಲ್ಲಿ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿಯೇ ಪ್ರಯೋಗಗಳ ಮೇಲೆ ನಿಗಾ ಇಡಲು ಒಂದು ಸಮಿತಿಗೆ ಅವಕಾಶವಿದೆ. ಕರುಣೆಯ ಮಾತು ಹಾಗಿರಲಿ, ಬರಿಯ ಶಾಸ್ತ್ರದ ದೃಷ್ಟಿಯಿಂದಲೂ ಕ್ಯಾನನ್ನರ ಬೆಕ್ಕನ್ನು ಮರೆಯುವಂತಿಲ್ಲ. ಬೆದರಿದ ಪ್ರಾಣಿಯ ಜಠರ ತನ್ನ ಸಹಜ ಕೆಲಸವನ್ನು ನಿಲ್ಲಿಸುತ್ತದೆ. ನೋಯಿಸಿ ಪಡೆದ ಗೆರೆ ಜಠರದ್ದೋ ನೋವಿನದ್ದೋ ಹೇಳುವುದು ಕಷ್ಟ.

ಅಜ್ಜಿ ಈಗ ಮೂರು ಹೊತ್ತಿನ ಊಟ ಬಿಟ್ಟು, ದಿನಕ್ಕೆ ಆರು ಸಲ ತೆಳ್ಳಗಿನ ರಾಗಿಗಂಜಿಯನ್ನೋ ಮೆತ್ತಗಿನ ಅನ್ನವನ್ನೋ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುತ್ತಾಳೆ. ವಾಂತಿ ಪೂರ್ತಿ ನಿಂತಿಲ್ಲ, ಕಡಮೆಯಾಗಿದೆ. ಮೊನ್ನೆ ಸಂಕ್ರಾಂತಿಗೆ ಹೋದಾಗ ಅವಳಿಗೆ ಈ ಚಿಟ್ಟಿಲಿಗಳ ವಿಚಾರ ಹೇಳಿದೆ. “ಇಲೀಗೂ ಸಕ್ಕರೆ ಕಾಯ್ಲೆ ಬತ್ತದಾ?” ಎಂದು ಆಶ್ಚರ್ಯಪಟ್ಟಳು. ಆಮೇಲೆ, ಅವಕ್ಕೆ ಏನು ಔಷಧಿ ಕೊಟ್ಟರೆಂದು ಕೇಳಿದಳು. ಔಷಧಿ ಕೊಡುವುದಕ್ಕಲ್ಲ, ನೋಡುವುದಕ್ಕೆಂದು ಸಾಕಿದವು ಎಂದು ಹೇಳಬೇಕಾಯಿತು.